ಬಸ್ಸಿನ ಸಾಹುಕಾರನೂ ಪಂಚಮಿಯ ಟಿಕೆಟೂ

ಬಾಗಿಲು ದೊಡ್ಡದಿದ್ದರೆ ಸಾಲದು ತಾಯಂದಿರೇ, ಅಣ್ಣಂದಿರೇ, ಬಂದವರ ಕೈಗೆ ಚಿಲಕ ಸಿಗಬೇಕು. ಇವತ್ತಿನ ಪ್ರವಚನದಲ್ಲಿ ಇದಕ್ಕೊಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದು ಪೇಟೆಯಲ್ಲಿ ಬಸ್ಸಿನ ಸಾಹುಕಾರನೊಬ್ಬನಿದ್ದ. ಶ್ರೀಮಂತನೆಂದರೆ ಶ್ರೀಮಂತ. ಜಿಲ್ಲೆಯ ಯಾವ ರಸ್ತೆಯಲ್ಲಿ ನಿಂತರೂ ಅವನದೊಂದು ಬಸ್ಸು ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಟಿಕೆಟ್ಟಿಗಾಗಿ ಕಿಟಕಿಯ ಮುಂದೆ ನಿಲ್ಲುವ ಕಾಲ ಹೋಯಿತಲ್ಲ, ಅವನೂ ಒಂದು ವೆಬ್‌ಸೈಟ್ ಮಾಡಿಸಿದ. ಅದರಲ್ಲಿ ಬುಕ್ ಮಾಡಿದವರಿದ್ದರೆ ಮಾತ್ರ ಸಣ್ಣ ಊರಿನ ಕ್ರಾಸಿನಲ್ಲಿ ಬಸ್ಸು ನಿಲ್ಲಬೇಕು, ಇಲ್ಲದಿದ್ದರೆ ಸೀದಾ ಹೋಗಬೇಕು ಎಂದು ಕಟ್ಟಪ್ಪಣೆ ಮಾಡಿದ.

ಆ ವೆಬ್‌ಸೈಟ್ ಹೇಗಿತ್ತು? ತೆರೆದ ಕೂಡಲೇ ಸಾಹುಕಾರನ ಫೋಟೋ, ಹೆಗಲ ಮೇಲೆ ಶಾಲು. ಅದರ ಕೆಳಗೆ ಅವನಿಗಾದ ಸನ್ಮಾನಗಳು. ಆಮೇಲೆ ಬಸ್ಸುಗಳ ಚಿತ್ರ. ಆಮೇಲೆ ತೀರ್ಥಯಾತ್ರೆಯ ಪ್ಯಾಕೇಜು. ಊರುಗಳೋ? ಅವನ್ನು ಡಿಪೋ ಪ್ರಕಾರ ಹಂಚಿ ಒಳಗೆಲ್ಲೋ ಇಟ್ಟಿದ್ದರು. ಯಾವ ಊರು ಯಾವ ಡಿಪೋಗೆ ಸೇರಿದ್ದೆಂದು ಆಫೀಸಿನವರಿಗೆ ಗೊತ್ತು. ಬಸ್ಸು ಹತ್ತುವವನಿಗೆ ಗೊತ್ತೇ? ನೋಡಿ, ಹತ್ತಿದವನನ್ನು ಕಂಡಕ್ಟರ್ ಮೊದಲು ಏನು ಕೇಳುತ್ತಾನೆ? ‘ಎಲ್ಲಿಗೆ?’ ಅಷ್ಟೇ. ತನ್ನ ಸನ್ಮಾನದ ಫೋಟೋ ತೋರಿಸುತ್ತಾನೆಯೇ?

ಸಾಹುಕಾರನ ಹೆಂಡತಿ ತೀರಿಹೋಗಿದ್ದಳು. ಮಕ್ಕಳಿರಲಿಲ್ಲ. ಊಟದ ಮೇಜಿನ ಸುತ್ತ ಇಷ್ಟೊಂದು ಕುರ್ಚಿ, ಈಗ ಕೂರುವವರಿರುವುದು ಒಂದರಲ್ಲಿ ಮಾತ್ರ. ತನ್ನವಳೆಂದು ಉಳಿದವಳು ದೂರದ ಹಳ್ಳಿಗೆ ಕೊಟ್ಟ ಅಕ್ಕ ಒಬ್ಬಳೇ. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮಲ್ಲಿ ಪದ್ಧತಿ. ಈತ ವರ್ಷವೂ ಕಾರು ಕಳಿಸುತ್ತಿದ್ದ. ಅಕ್ಕ ಬಂದು ದೊಡ್ಡ ಮನೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು, ಈತ ಆಫೀಸಿನಲ್ಲಿರುತ್ತಿದ್ದ. ಈ ಸಲ ಅವಳು ಫೋನಿನಲ್ಲಿ ಅಂದಳು:

“ಕಾರ್ ಕಳಸಬ್ಯಾಡೋ ತಮ್ಮಾ. ಆ ಡ್ರೈವರ್ ನನ್ನ ತಮ್ಮ ಅಲ್ಲ. ನೀನ ಬಾ, ನಿನ್ನ ಬಸ್ಸಿನ್ಯಾಗ. ಕೂಡಿ ಮಾತಾಡ್ಕೋತ ಹೋಗೂಣು.”

“ಬರ್ತೀನಬೇ ಯಕ್ಕಾ,” ಅಂದ. ಅಷ್ಟು ಅಂದದ್ದಕ್ಕೇ ಅವನ ಎದೆ ಹಗುರಾಯಿತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಡ್ರೈವರನನ್ನು ಅವನ ಊರಿಗೆ ಕಳಿಸಿ, ಸ್ವಂತ ಬಸ್ಸಿಗೆ ತಾನೇ ಟಿಕೆಟ್ ತೆಗೆಯಲು ಮೊದಲ ಸಲ ಕೂತ. ತನ್ನ ಫೋಟೋ ಬಂತು. ಸರಿಸಿದ. ಸನ್ಮಾನ ಬಂತು. ಸರಿಸಿದ. ಕಾಶಿ ಬಂತು, ರಾಮೇಶ್ವರ ಬಂತು. ಅಕ್ಕನ ಊರು ಬರಲಿಲ್ಲ. ಒಂದು ಡಿಪೋ ಒತ್ತಿದ, ಇಲ್ಲ. ಇನ್ನೊಂದು ಒತ್ತಿದ, ಅಲ್ಲೂ ಇಲ್ಲ. ಹಿಂದಕ್ಕೆ ಬಂದರೆ ಮತ್ತೆ ಶಾಲು ಹೊದ್ದ ಅವನದೇ ನಗು. ಮ್ಯಾನೇಜರನನ್ನು ಕೇಳೋಣವೆಂದರೆ ಅವನೂ ತಂಗಿಯನ್ನು ಕರೆತರಲು ಹೋಗಿದ್ದ, ಫೋನ್ ಎತ್ತಲಿಲ್ಲ. ಕೊನೆಗೆ ಊರು ಸಿಕ್ಕಿತು. ಅಷ್ಟರಲ್ಲಿ ಆ ಹಳ್ಳಿಗೆ ಹೋಗುವ ದಿನದ ಒಂದೇ ಬಸ್ಸು ಹೊರಟುಹೋಗಿತ್ತು. ಕಾರು ನಡೆಸಲು ಅವನಿಗೆ ಬಾರದು, ಹಬ್ಬದ ದಿನ ಆ ದಾರಿಗೆ ಬಸ್ಸೂ ಇರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದ. “ಯಕ್ಕಾ, ಬಸ್ ತಪ್ಪಿತು. ನನ್ನ ವೆಬ್‌ಸೈಟಿನ್ಯಾಗ ನಿಮ್ಮ ಊರ ಲಗೂ ಸಿಗಲಿಲ್ಲ.”

“ನಿನಗೂ ಸಿಗಲಿಲ್ಲೇನು?” ಅಕ್ಕ ಮೆಲ್ಲಗೆ ನಕ್ಕಳು. “ಹೋದ ವರ್ಷ ನಿನ್ನ ಹೇಣ್ತಿ ತೀರಿದ ಮ್ಯಾಲ, ತಮ್ಮ ಒಬ್ಬಾಂವ ಅದಾನ, ನಾಕ ದಿನ ಇದ್ದು ರೊಟ್ಟಿ ಮಾಡಿ ಹಾಕೂಣು ಅಂತ ಗಂಟ ಕಟ್ಟಿದ್ನಿ. ಬಾಜೂ ಮನಿಯಾಕಿ ಫೋನಿನ್ಯಾಗ ಟಿಕೆಟ್ ಹುಡುಕಿದ್ವಿ. ನಿನ್ನ ಮಾರಿ ಕಾಣ್ತು, ದಾರಿ ಕಾಣಲಿಲ್ಲ. ಗಂಟ ಬಿಚ್ಚಿ ಇಟ್ನಿ.”

“ನನಗ ಫೋನ್ ಮಾಡಬೇಕಿಲ್ಲೇನ ಯಕ್ಕಾ?”

“ಮಾಡಿದ್ನೆಲ್ಲೋ! ಹೊಸಾ ಬಸ್ಸಿನ ಸುದ್ದಿ ಹೇಳಿದಿ, ಸನ್ಮಾನದ ಸುದ್ದಿ ಹೇಳಿದಿ. ನಾ ಹೂಂ ಅಂದ್ನಿ. ನೀ ಫೋನ್ ಇಟ್ಟಿ.”

ಮರುದಿನ ಓಣಿಯ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತ ಹಾಡುವುದು ಕೇಳಿಸುತ್ತಿತ್ತು. ಸಾಹುಕಾರ ಕಿಟಕಿ ಮುಚ್ಚಲಿಲ್ಲ, ಹೊರಗೂ ಹೋಗಲಿಲ್ಲ.

ಹಬ್ಬ ಮುಗಿದ ಮೇಲೆ ಮ್ಯಾನೇಜರನನ್ನು ಕರೆಸಿದ. “ಎಲ್ಲಿಂದ, ಎಲ್ಲಿಗೆ, ಯಾವತ್ತು. ಮೊದಲ ಪುಟದಾಗ ಇಷ್ಟ ಕೇಳ್ರಿ. ಊರ ಹೆಸರ ಬರದ್ರ ಬಸ್ ಕಾಣ್ಬೇಕು. ಡಿಪೋ ಲೆಕ್ಕ ನಿಮ್ಮ ಕಪಾಟಿನ್ಯಾಗ ಇಟ್ಕೋರಿ.”

“ನಿಮ್ಮ ಫೋಟೋರಿ, ಸಾಹುಕಾರ್ರ?”

“ತಗೀರಿ.”

“ಒಂದ ಮೂಲಿಯಾಗರೆ...”

“ನನ್ನ ಮಾರಿಗೆ ಯಾರೂ ಟಿಕೆಟ್ ತಗಸೂದಿಲ್ಲಪಾ. ತಮ್ಮ ಊರಿಗೆ ತಗಸ್ತಾರ.”

ವೆಬ್‌ಸೈಟ್ ಸರಿಹೋಯಿತು. ಪಂಚಮಿ ತಿರುಗಿ ಬರಲು ವರ್ಷ ಬೇಕು.

ನಗುತ್ತಿದ್ದೀರಿ. ನಮಗೆಲ್ಲಿಯ ವೆಬ್‌ಸೈಟ್ ಅಂತೀರಾ? ತಂಗಿ ಏನೋ ಹೇಳಲೆಂದು ಬರುತ್ತಾಳೆ, ನಾವು ಹೊಸ ಟ್ರ್ಯಾಕ್ಟರ್ ತೋರಿಸುತ್ತೇವೆ. ಟ್ರ್ಯಾಕ್ಟರ್ ನೋಡಿ, ಚಹಾ ಕುಡಿದು, ಹೇಳಬೇಕಾದ್ದನ್ನು ಸೆರಗಿನಲ್ಲೇ ಕಟ್ಟಿಕೊಂಡು ಹೋಗುತ್ತಾಳೆ. ಹೆಂಡತಿ ಮೊಣಕಾಲು ನೋವೆಂದು ಬಾಯಿ ತೆರೆಯುವಷ್ಟರಲ್ಲಿ ಪಂಚಾಯಿತಿಯ ಸುದ್ದಿ ಶುರು ಮಾಡುತ್ತೇವೆ. ಆಮೇಲೆ, ನನ್ನ ಹತ್ತಿರ ಯಾರೂ ಬರುವುದಿಲ್ಲ ಎಂದು ಕೊರಗುತ್ತೇವೆ. ಬಂದಿದ್ದರಪ್ಪಾ! ದಾರಿ ಸಿಗಲಿಲ್ಲ, ಹೋದರು.

ಹಾಗಾಗಿ ನಾಳೆಯಿಂದ ಇಷ್ಟು ಮಾಡಿ. ಯಾರೇ ಫೋನ್ ಮಾಡಲಿ, ಯಾರೇ ಬರಲಿ, ನಿಮ್ಮ ಸುದ್ದಿ ಹೇಳುವ ಮೊದಲು ಅವರು ಬಂದ ಕಾರಣ ಕೇಳಿ. ಕೇಳಿ ಸುಮ್ಮನಿರಿ. ಸುಮ್ಮನಿರುವುದು ಕಷ್ಟ, ನನಗೂ ಗೊತ್ತು, ಆದರೂ ಇರಿ. ನಾಳೆಯವರೆಗೂ ಯಾಕೆ? ಈಗ ನಿಮ್ಮ ಜೊತೆ ಮನೆಗೆ ನಡೆದು ಬರುತ್ತಾರಲ್ಲ, ಅವರು ಎಷ್ಟೋ ದಿನದಿಂದ ಏನನ್ನೋ ಹೇಳಬೇಕೆಂದು ಕಾಯುತ್ತಿರಬಹುದು. ದಾರಿಯಲ್ಲಿ ನನ್ನ ಪ್ರವಚನದ ಮಾತು ಆಡಬೇಡಿ. ಅವರನ್ನು ಕೇಳಿ.