ಕುದಿನೀರು ಸುರಿದ ಗಾಜು

ವಿನಿಪೆಗ್‌ನ ಕಾರಿನ ಗಾಜು ಕೂರಿಸುವ ಅಂಗಡಿಯಲ್ಲಿ ಸರದಿಗಾಗಿ ಕಾಯುತ್ತಿದ್ದ ಹಿಲ್ಡಾಳ ಪಕ್ಕದಲ್ಲಿ ವಯಸ್ಸಾದ ಅಕ್ಕತಂಗಿಯರಿಬ್ಬರು ಕೂತಿದ್ದರು.

“ಹಿಮಗಟ್ಟಿದ ಗಾಜಿಗೆ ಕುದಿನೀರು ಸುರೀತಾರೇನೇ ನೆಟಿ? ಬಿರುಕು ಬಿಡದೆ ಇನ್ನೇನಾಗುತ್ತೆ?” ಎಂದಳು ಅಕ್ಕ.

“ನಂಗೇನ್ ಗೊತ್ತು ಅಕ್ಕಾ? ನಲವತ್ತು ಚಳಿಗಾಲ ಗಾಜಿನ ಹಿಮಾನ ಓರೆಸ್ಟೇ ಕೆರೆದ. ನನ್ನ ಗಂಡ ಒಂದು ದಿನಾನೂ ಕೆರೆಯೋ ಪಟ್ಟಿ ನನ್ನ ಕೈಗೆ ಕೊಡಲಿಲ್ಲ.”

“ಅವನು ತೀರಿಕೊಂಡು ತಿಂಗಳಾಯ್ತು. ಇನ್ಮೇಲೆ ನೀನೇ ಕೆರೀಬೇಕು.”

“ಯಾವ ಕಡೆಯಿಂದ ಶುರು ಮಾಡ್ಲಿ?”

“ಓಡಿಸೋರ ಕಡೆಯಿಂದ.”

“ಅವನು ಮೊದಲು ನಾನು ಕೂರೋ ಕಡೆ ಕೆರೀತಿದ್ದ.”

ಅಕ್ಕ, ತಂಗಿಯ ಉಣ್ಣೆ ಟೋಪಿ ಸರಿಮಾಡಿದಳು.

“ಈಗ ನೀನು ಕೂರೋದು ಓಡಿಸೋ ಕಡೆನೇ ಅಲ್ವೇನೇ.”

ಒಳಗಿನಿಂದ ಓರೆಸ್ಟ್‌ನ ಹೆಸರು ಕೂಗಿದರು. ಕಾರು ಇನ್ನೂ ಅವನ ಹೆಸರಿನಲ್ಲೇ ಇತ್ತೇನೋ. ನೆಟಿ, “ಬಂದೆ” ಎಂದು ಎದ್ದಳು.