ಹಿರೇರು ಉಣ್ಣೋ ಹೊತ್ತು

...ಇಲ್ಲ, ಇನ್ನೂ ತೆಗೆಯಂಗಿಲ್ಲ. ಕುಂದ್ರು ಕಾವ್ಯ. ಈಗ ತಾನೇ ಕದ ಎಳ್ಕಂಡು ಬಂದೀನಿ. ಊದಿನಕಡ್ಡಿ ಪೂರ್ತಿ ಉರೀಬೇಕು, ಆಮೇಲೆ ಕೈ ತಟ್ಟಿ ಸದ್ದು ಮಾಡಿ ಒಳಾಕೆ ಹೋಗಾದು. ನಿಮ್ಮ ಗೋವಿನಕೋವಿ ಕಡೆ ಹೆಂಗೋ ಏನೋ, ನಮ್ಮ ಬಿಳಿಚೋಡಿನಾಗೆ ಹಿರೇರ ಹಬ್ಬ ಅಂದ್ರೆ ಹಿಂಗೇ. ಸತ್ತೋರಿಗೆ ಎಡೆ ಇಟ್ಟು ಮನೆಯೋರೆಲ್ಲ ಹೊರಗೆ ಕಟ್ಟೆ ಮೇಲೆ ಕುಂತ್ಕಬೇಕು. ಅವರು ಬಂದು ಉಂಡು ಹೋಗಬೇಕು. ನಾವು ಮುಂದೆ ನಿಂತ್ಕಂಡು ಬಾಯಿ ನೋಡ್ತಿದ್ರೆ ಅವರಿಗೆ ತುತ್ತು ಇಳೀತೈತಾ?

ಯಾಕೆ ನಗ್ತೀಯ? ನಗು, ನಗು. ನೀನು ನಕ್ಕು ಎಷ್ಟು ದಿನ ಆಗಿತ್ತೋ. ಹೊತ್ತಾಗ್ತೈತೆ ಇವತ್ತು, ನಾನೇ ಹೇಳ್ತೀನಿ. ನಿಮ್ಮ ಮಾವ ಬದುಕಿದ್ದಾಗ್ಲೂ ಎಲೆ ಮುಂದೆ ಕುಂತ್ರೆ ಸುಲಭಕ್ಕೆ ಏಳೋ ಗಿರಾಕಿ ಅಲ್ಲ. ಒಂದು ಮುದ್ದೆ ಮುರಿಯೋದ್ರಾಗೆ ಊರಿನ ಪಂಚಾಯ್ತಿ ಎಲ್ಲಾ ಮುಗಿಸ್ತಿದ್ದ. ಇನ್ನು ನಮ್ಮತ್ತೆ ಅಜ್ಜಮ್ಮಗೆ ಎಲೆ-ಅಡಿಕೆ ಕುಟ್ಟಿ ಇಟ್ಟೀನಿ. ಸಾಯೋ ಹೊತ್ತಿಗೆ ಒಂದು ಹಲ್ಲೂ ಇರಲಿಲ್ಲ ಆಯಮ್ಮಗೆ. ಅಲ್ಲಿಗೆ ಹೋದ ಮೇಲೆ ಬಂದಾವೋ ಇಲ್ಲೋ, ಯಾರಿಗೆ ಗೊತ್ತು.

ನಾಗರಾಜಗಾ?... ಇಟ್ಟೀನಿ. ಹೆತ್ತ ಮಗನಿಗೆ ಇಡದೇ ಇರ್ತೀನಾ? ಜಗಳೂರು ರಸ್ತ್ಯಾಗೆ ಅವನ ಬೈಕು ಬಿದ್ದು ವರ್ಷ ತುಂಬ್ತು. ಈ ಸಲ ಅವನ್ನೂ ಹಿರೇರ ಜೊತೆ ಸೇರಿಸಬೇಕು ಅಂತ ನಮ್ಮೋರೆಲ್ಲ ಹೇಳಿದ್ರಲ್ಲ. ಕೋಳಿ ಸಾರು, ಮುದ್ದೆ, ಮೆಣಸಿನಕಾಯಿ... ಎಲ್ಲಾ ಬಡಿಸೀನಿ. ನೀನು ಅವನ ಎಡೆಗೆ ಅಂತ ಹೊಲಿದ್ಯಲ್ಲ, ನೀಲಿ ಗೆರೆ ಅಂಗಿ, ಅದನ್ನೂ. ಎಲೆ ಪಕ್ಕ ಮಡಚಿ ಇಟ್ಟು, ಕಾಲರಿಗೆ ಒಂದಿಷ್ಟು ಕುಂಕುಮ ಹಚ್ಚಿ, ಮೇಲೆ ಒಂದು ಹೂವು... ಚೆನ್ನಾಗಿ ಕಾಣ್ತಿತ್ತು. ಹೊಲಿಗೆ ಬಾಳ ಸಣ್ಣಗೆ ಹಾಕೀಯ.

ಏನಿಲ್ಲವಾ? ಮತ್ಯಾಕೆ ಹಂಗೆ ನೋಡ್ದೆ... ಇರಲಿ.

ಬೆಳಿಗ್ಗೆ ನೀನು ಹೇಳಿದ್ದು ತಲ್ಯಾಗೇ ಐತೆ. ನಾನು ಕೇಳಿಸಿಕೊಂಡಿಲ್ಲ ಅನ್ಕಂಡ್ಯೇನೋ. ಒಲೆ ಊದೋ ನೆವ ಮಾಡ್ಕಂಡು ಮುಖ ತಿರುಗಿಸಿದ್ದೆ ಅಷ್ಟೆ. "ಅತ್ತೆ, ಇವತ್ತಿನಿಂದ ನಾನೊಬ್ಬಳೇ ಮಲಗ್ತೀನ್ರಿ, ರೂಮಿನ ಚಿಲಕ ಹಾಕ್ಕಂತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ" ಅಂದೆ. ಎಷ್ಟು ನಯ... ಆ ನಯಕ್ಕೇ ನನಗೆ ಸಿಟ್ಟು ಬಂದದ್ದು. ಜಗಳಕ್ಕೆ ಬಂದಿದ್ರೆ ನಾನೂ ಸೆರಗು ಸಿಗಿಸ್ಕಂಡು ನಿಲ್ತಿದ್ದೆ, ಅದು ನನಗೆ ಬರ್ತೈತೆ. ನಯವಾಗಿ ಅಂದ್ರೆ ಏನು ಮಾಡ್ಲಿ ನಾನು?

ಹೋಗ್ತೀನಿ ಅನ್ನು ನೇರವಾಗಿ. ತಲೆ ಆಡಿಸಬ್ಯಾಡ. ಇವತ್ತು ಚಿಲಕ, ನಾಳೆ ತವರಿಗೆ ನ್ಯಾಮತಿ ಬಸ್ಸು. ನನಗೇನು ಗೊತ್ತಾಗಲ್ವಾ... ಇಲ್ಲ ಅಂತೀಯ. ಹೋಗಲ್ಲ, ಚಿಲಕ ಮಾತ್ರ ಸಾಕು ಅಂತೀಯ. ಅದೇ ಅರ್ಥ ಆಗಲ್ಲ ನನಗೆ. ಇದೇ ಮನೆಯಾಗೆ ಇರಾಕೆ ಚಿಲಕ ಯಾಕೆ ಬೇಕು?

ನಮ್ಮ ಕಾಲದಾಗೆ ಚಿಲಕ ಎಲ್ಲಿತ್ತು? ಹಳೇ ಸೀರೆ ಒಂದು ಅಡ್ಡ ಕಟ್ಟಿ, ಆ ಕಡೆ ಅಜ್ಜಮ್ಮ, ಈ ಕಡೆ ನಾವು. ಬಳೆ ಸದ್ದಾಗಬಾರದು ಅಂತ ನಾನು ಕೈಗೆ ಬಟ್ಟೆ ಸುತ್ಕಂಡು ಮಲಗ್ತಿದ್ದೆ. ಆದ್ರೂ ಆಯಮ್ಮ ಆ ಕಡೆಯಿಂದ ಕೆಮ್ಮೋಳು. ಬೇಕಂತಾನೇ. ಮನಸ್ಸಿನಾಗೆ ಎಷ್ಟು ಬೈದೀನಿ ಗೊತ್ತಾ... ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಬರ್ಲಿ ನೋಡ್ಕಂತೀನಿ ಅಂತಿದ್ದೆ. ಯಾಕೆ ನನ್ನ ಮುಖಾನೇ ನೋಡ್ತೀಯ? ನಾನು ಅಜ್ಜಮ್ಮನಂಗಲ್ಲ. ನಾನು ಕೆಮ್ಮಲ್ಲ.

ಫೋನಿಂದೂ ಹಂಗೇ. ಸಂಜೆ ಆದ್ರೆ ಅದ್ರಾಗಿರೋ ನಾಗರಾಜನ ಧ್ವನಿ ಒಂದೀಟು ಹಚ್ಚು ಅಂತೀನಿ. ಅಷ್ಟೇ ತಾನೇ ನಾನು ಕೇಳಾದು? ನಿನಗೆ ಕಳ್ಸಿರಾದು ಹೌದು, ಆದ್ರೆ ನನ್ನ ಮಗನ ಧ್ವನಿ ಅಲ್ಲವಾ? ಲಾರಿ ಲೋಡು ತಗಂಡು ಚನ್ನಗಿರಿಗೆ ಹೋದಾಗ ಕಳ್ಸಿದ್ದು ಒಂದೈತಲ್ಲ, "ಅವ್ವ ಮಲಗಿದ್ಲಾ?" ಅಂತ. ಅದು ಕೇಳಿದಾಗೆಲ್ಲ ನನ್ನ ಹೊಟ್ಟೆ ತಣ್ಣಗಾಗ್ತೈತೆ. ಅಷ್ಟು ದೂರ ಇದ್ರೂ ಅವ್ವಗೆ ನಿದ್ದೆ ಬಂತೋ ಇಲ್ಲೋ ಅನ್ನೋ ಚಿಂತೆ...

ಮುಖ ಯಾಕೆ ಕೆಂಪಾತು?

ಏನು... ಓ. ಹಂಗಾ. ನಾನು ಮಲಗಿದ ಮೇಲೆ ನಿನ್ನ ಜೊತೆ ಮಾತಾಡಾಕೆ ಕೇಳ್ತಿದ್ನಾ ಕಳ್ಳ? ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಹೆಗ್ಗಣ ಹೆತ್ತೋಳು ಯಾವಾಗ ಕಣ್ಣು ಮುಚ್ತಾಳೆ ಅಂತ ಕಾಯ್ತಿತ್ತು. ನಾನು ಒಂದು ವರ್ಷ ಅದನ್ನ ಕೇಳಿ ಕೇಳಿ ಕಣ್ಣು ಒರೆಸ್ಕಂಡೀನಲ್ಲ. ನೀನಾದ್ರೂ ಹೇಳಬಾರದಾಗಿತ್ತಾ?... ಅದರ ಮುಂದೆ ಇನ್ನೂ ಮಾತಾಡ್ಯಾನಾ? ನಾನು ಕೇಳದೇ ಇರಾದು ಐತಾ?

ಇರಲಿ. ಹೇಳಬ್ಯಾಡ. ಅದು ನಿಂದು. ಫೋನಿನ ಸುದ್ದಿ ಬಿಟ್ಟೆ ಕಣವ್ವ, ಇನ್ನ ಕೇಳಲ್ಲ.

ರೂಮಿನ ವಿಷಯ ಬ್ಯಾರೆ. ನಾನು ಅಲ್ಲಿ ನಿನ್ನ ಜೊತೆ ಮಲಗಾದು ನನಗೋಸ್ಕರ ಅಲ್ಲ, ನಿನಗೋಸ್ಕರ. ಎದುರುಮನೆ ಕಸ್ತೂರಮ್ಮ ನಲ್ಲಿ ಹತ್ರ ಹಿಡ್ಕಂಡು ಹೇಳಿದ್ಲು, "ದುರುಗಮ್ಮ, ನಿನ್ನ ಸೊಸೆ ರಾತ್ರಿ ಹೊತ್ತು ಚೀರ್ತಾಳೆ, ನಮ್ಮ ಮನೆ ತನಕ ಕೇಳ್ತೈತೆ, ಒಂದು ತಾಯ್ತ ಕಟ್ಸು" ಅಂತ. ಎಳೇ ಜೀವ, ಗಂಡ ಹೋಗ್ಯಾನೆ, ಏನು ಕಂಡು ಬೆಚ್ತಾಳೋ ಅಂತ ನಾನು ಹೊನ್ನಾಳಿ ತನಕ ಹೋಗಿ ತಾಯ್ತ ಮಾಡಿಸ್ಕಂಡು ಬಂದೆ. ಅಂಥಾ ಹುಡುಗೀನ ಒಬ್ಬಳೇ ಮಲಗಿಸಿ ಚಿಲಕ ಹಾಕ್ಕ ಅಂತ ಹೆಂಗೆ ಹೇಳ್ಲಿ? ರಾತ್ರಿ ನೀನು ಚೀರಿದ್ರೆ...

ಯಾಕೆ ಕಣ್ಣು ಕೆಳಗೆ ಹಾಕ್ದೆ?

ನೀನೇ ತಾನೇ ಚೀರಾದು?... ಕಾವ್ಯ?

ನಾನು ಎಚ್ಚರ ಆದಾಗ ನೀನು ನನ್ನ ಕೈ ಹಿಡ್ಕಂಡಿರ್ತೀಯ. ಪಾಪ, ಹೆದರಿ ಹಿಡ್ಕಂಡೈತೆ ಹುಡುಗಿ ಅಂತ ನಾನು ನಿನ್ನ ತಲೆ ಸವರ್ತೀನಿ. ಪಕ್ಕದಾಗೆ ನೀರಿನ ಲೋಟ ಇರ್ತೈತೆ... ನನ್ನ ತಲೆದೆಸಿಗೆ. ಹೌದು, ನನ್ನ ಕಡೇಗೇ ಇರ್ತೈತೆ ಲೋಟ. ಗಂಟಲು ಉರೀತಿರಾದೂ ನಂದೇ.

ದಿನಾ ರಾತ್ರಿನಾ?

ಮತ್ತೆ ತಾಯ್ತ ಕಟ್ಟೋವಾಗ ಸುಮ್ನೆ ಕೈ ಕೊಟ್ಯಲ್ಲವ್ವ. ಕಸ್ತೂರಮ್ಮ ಊರೆಲ್ಲ ಹೇಳ್ಕಂಡು ಬಂದ್ಲು, ನಾಗರಾಜನ ಹೆಂಡ್ತಿಗೆ ಗಾಳಿ ಹಿಡಿದೈತೆ ಅಂತ. ಆಗಲಾದ್ರೂ ಚೀರಾದು ನಾನಲ್ಲ, ನಮ್ಮತ್ತೆ ಅನ್ನಬೇಕಿತ್ತು. ಬ್ಲೌಸು ಹೊಲಿಯಾಕೆ ಕೊಡಾಕೆ ಬರ್ತಿದ್ದ ಹೆಂಗಸ್ರು ಕಮ್ಮಿ ಆದ್ರು ಅಂತ ಅಂದಿದ್ದೆ ನೀನು. ಯಾಕೆ ಅಂತ ನಾನು ಕೇಳಲೇ ಇಲ್ಲ. ಆ ತಾಯ್ತ ಬಿಚ್ಚು. ಬಿಚ್ಚಿ ಇಲ್ಲಿ ಕೊಡು... ಗಂಟು ಬಾಳ ಬಿಗಿಯಾಗಿ ಹಾಕಿದ್ದೆ. ತೋಳು ಕಪ್ಪಗಾಗೈತೆ.

ನಿನಗೆ ನಿದ್ದೇನೇ ಇಲ್ಲ ಹಂಗಾದ್ರೆ. ಅದಕ್ಕೆ ಚಿಲಕ ಕೇಳಿದ್ಯಾ. ಸರಿ. ಅರ್ಥ ಆತು. ಆದ್ರೂ ಒಂದೀಟು ದಿನ ತಡಿ. ದೀಪಾವಳಿ ಕಳೀಲಿ. ನಾನು ಬಾಯಿಗೆ ಬಟ್ಟೆ ಇಟ್ಕಂಡು ಮಲಗ್ತೀನಿ, ಸದ್ದು ಬರಲ್ಲ. ಬಾಗಿಲ ಹತ್ರ ಒಂದು ಚಾಪೆ ಜಾಗ ಸಾಕು ನನಗೆ. ಅಷ್ಟೂ ಬ್ಯಾಡ ಅಂತೀಯಾ?

 

ಏನದು ಸೆರಗಿನ ಕೆಳಗೆ... ಏನು ತೆಗೀತಿದೀಯ... ಅವನ ಅಂಗಿ.

ಚಾಪೆ ಸುತ್ತಿದ್ಯಾ? ಯಾವಾಗ? ಮಧ್ಯಾಹ್ನ ನಾನು ಎಲೆ ತರಾಕೆ ಹೋದಾಗ್ಲಾ? ನನ್ನ ಚಾಪೆ ಸುತ್ತಿ, ದಿಂಬು ಎತ್ತಿ, ನಾನು ಬಚ್ಚಿಟ್ಕಂಡಿದ್ದನ್ನ ತಗಂಡು... ಹಂಗಾದ್ರೆ ನಾನು ಅಂಗಿ ಮಡಚಿದೆ, ಕುಂಕುಮ ಹಚ್ಚಿದೆ, ಹೂವು ಇಟ್ಟೆ ಅಂತ ಅಷ್ಟುದ್ದ ಹೇಳೋವಾಗ ಅಂಗಿ ನಿನ್ನ ಮಡಿಲಾಗೇ ಇತ್ತಾ?

ಬೈ ನನ್ನ. ಸುಳ್ಳಿ ಅನ್ನು. ಬೈಯಲ್ಲ ನೀನು, ನನಗೆ ಗೊತ್ತು.

ಇಟ್ಟಿಲ್ಲ ಕಣವ್ವ. ಒಳಗೆ ಎರಡೇ ಎಡೆ ಐತೆ. ನಿಮ್ಮ ಮಾವಂದು, ಅಜ್ಜಮ್ಮಂದು. ಇನ್ನೊಂದು ಎಲೆ ಹಾಸಾಕೆ ಕುಂತೆ, ಕೈ ಬರಲಿಲ್ಲ. ಎಲೆ ಹಾಸಿದ್ರೆ ಮುಗೀತು, ಅವನೂ ಹಿರೇರ ಸಾಲಿಗೆ ಹೋದ. ವರ್ಷಕ್ಕೊಂದು ಸಲ ಬಂದು ಉಂಡು ಹೋಗೋನಾದ. ನಾನು ಹೆತ್ತ ಕೂಸು, ನನಗಿಂತ ಹಿರಿಯ ಹೆಂಗಾಗ್ತಾನೆ ಹೇಳು? ಇಡದಿದ್ರೆ ಇನ್ನೂ ರಸ್ತ್ಯಾಗೇ ಅದಾನೆ, ಬರೋನು ಅದಾನೆ...

ನಿನ್ನ ಕಾಯಾಕೆ ನಾನು ಅಲ್ಲಿ ಮಲಗ್ತಿರಲಿಲ್ಲ. ಚೀರಾಟಕ್ಕೂ ಅಲ್ಲ, ಕಸ್ತೂರಮ್ಮನ ಮಾತಿಗೂ ಅಲ್ಲ. ಅವನು ಬಂದ್ರೆ ನಿನ್ನ ಹತ್ರಾನೇ ಬರ್ತಾನೆ. ನನ್ನ ಹತ್ರ ಬರಲ್ಲ. ಅದು ನನಗೆ ಮೊದಲನೇ ದಿನದಿಂದ ಗೊತ್ತು. ಅದಕ್ಕೇ ನಿನ್ನ ಬಾಗಿಲಿಗೆ ಅಡ್ಡ ಚಾಪೆ ಹಾಕ್ತಿದ್ದೆ. ನಿನ್ನ ಹತ್ರ ಹೋಗೋವಾಗ ನನ್ನ ದಾಟಬೇಕಲ್ಲ, ಅವನ ಕಾಲಾದ್ರೂ ತಾಗ್ಲಿ ಅಂತ.

ನೀನು ಅತ್ತಿದ್ದು ನಾನು ನೋಡೇ ಇಲ್ಲ ನೋಡು. ಮಣ್ಣು ಮಾಡಿದ ದಿನಾನೂ ಇಲ್ಲ. ಕಲ್ಲೆದೆ ಹುಡುಗಿ ಅಂತ ಮನಸ್ಸಿನಾಗೇ ಅಂದ್ಕಂಡಿದ್ದೆ. ಅಳಾಕೆ ನಿನಗೆ ಜಾಗ ಎಲ್ಲಿ ಬಿಟ್ಟೆ ನಾನು? ಇರೋ ಒಂದು ರೂಮಿನಾಗೂ ನಾನೇ ಬಿದ್ಕಂಡಿದ್ದೆ.

ಏಳು. ಊದಿನಕಡ್ಡಿ ಉರಿದಿರ್ತೈತೆ, ಅವರಿಬ್ಬರದೂ ಆಗಿರ್ತೈತೆ. ಬಾಳೆ ಎಲೆ ಒಲೆ ಪಕ್ಕ ತೊಳೆದು ಇಟ್ಟೀನಿ. ಸಾರು ಇನ್ನೂ ಬಿಸಿ ಐತೆ. ಹಾಸು, ಬಡಿಸು, ಅಂಗೀನೂ ನಿನ್ನ ಕೈಯಾರೆ ಇಡು.

ನಾನಾ? ನಾನು ಬರಲ್ಲ. ಕೈ ಎಳೀಬ್ಯಾಡ, ಬರಲ್ಲ. ಬಡಿಸಿದ ಮೇಲೆ ನೀನೂ ಹೊರಗೆ ಬರಬ್ಯಾಡ. ಹಂಗೆಲ್ಲ ಒಳಗೆ ಇರಬಾರದು, ನನಗೂ ಗೊತ್ತು. ಯಾರಾದ್ರೂ ಕೇಳಿದ್ರೆ ನಾನು ಹೇಳ್ಕಂತೀನಿ. ನೀವಿಬ್ಬರೇ ಇರ್ರಿ. ಹೋಗು ತಾಯಿ, ಒಳಗಿಂದ ಚಿಲಕ ಹಾಕ್ಕ.

ಎಷ್ಟೊತ್ತಾದ್ರೂ ಆಗ್ಲಿ. ನಾನು ತಟ್ಟಲ್ಲ.