ಬೆಡ್‌ಶೀಟಿನ ಆ ತುದಿ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ದೊಡ್ಡ ಡಾಕ್ಟರೇ, ನರ್ಸಮ್ಮಂದಿರೇ, ಹಿಂದಿನ ಸಾಲಿನಲ್ಲಿ ಈಗಲೇ ಆಕಳಿಸುತ್ತಿರುವ ಸಭಿಕರೇ,

ಎರಡು ಮಾತಾಡಿ ಎಂದಿದ್ದೀರಿ. ಎರಡಕ್ಕೆ ನಿಲ್ಲುವ ಬಾಯಿ ನನ್ನದಲ್ಲ. ಹಳ್ಳಿಯ ಮೇಷ್ಟ್ರು ಈ ಬಾಯಿಗೆ ಹೆದರಿಯೇ ನನ್ನನ್ನು ಮೂರನೇ ಕ್ಲಾಸು ದಾಟಿಸಿದರು.

ಇವತ್ತು ನಿಮ್ಮ ಆಸ್ಪತ್ರೆಯ ಲಾಂಡ್ರಿಯಿಂದ ಇಬ್ಬರು ನಿವೃತ್ತರಾಗುತ್ತಿದ್ದೇವೆ. ನಾನು, ಮತ್ತು ಮುಂದಿನ ಸಾಲಿನಲ್ಲಿ ನೆಲ ನೋಡುತ್ತ ಕೂತಿರುವ ನನ್ನ ಗೆಳತಿ ಗುಬ್ಬಿ. ನಾವಿಬ್ಬರೂ ಒಂದು ಜೋಡಿ. ಬೆಡ್‌ಶೀಟನ್ನು ಒಬ್ಬರೇ ನೀಟಾಗಿ ಮಡಿಸಲಾದೀತೇ? ಆ ತುದಿ ಅವಳು, ಈ ತುದಿ ನಾನು. ಕೊಡವಬೇಕು, ಎಳೆದು ಸುಕ್ಕು ಬಿಡಿಸಬೇಕು, ಎದುರುಬದುರು ನಡೆದು ಬಂದು ಅವಳು ತನ್ನ ಮೂಲೆಗಳನ್ನು ನನ್ನ ಕೈಗೆ ಕೊಡಬೇಕು. ಆಗ ಬೆರಳಿಗೆ ಬೆರಳು ತಾಗುತ್ತದೆ.

ಹೊಸತರಲ್ಲಿ ಗುಬ್ಬಿ ಬೆಡ್‌ಶೀಟಿನ ಮರೆಯಲ್ಲಿ ಪಿಸುಗುಟ್ಟಿದಳು: "ಬಾಯ್ಲರ್ ಹತ್ರ ನಿಂತಿದಾನಲ್ಲ, ಅವನು ನನ್ನನ್ನೇ ನೋಡ್ತಾನೆ ಕಣೇ. ಮನಸ್ಸಲ್ಲಿ ಏನಿದೆ, ನೀನೇ ಕೇಳು. ನಿನಗೆ ಬಾಯಿದೆ."

ಕೇಳಿದೆ. ಅವನು, "ಅವಳಲ್ಲ, ನಿನ್ನ ನೋಡ್ತಿದ್ದೆ" ಅಂದ. ನಾನೇನು ಮಾಡಬೇಕಿತ್ತು ಹೇಳಿ? ನನಗೂ ಮನಸ್ಸಿರಲಿಲ್ಲವೇ? ಗೆಳತಿಗಾಗಿ ಕೇಳಲು ಹೋದವಳೇ ಮದುಮಗಳಾದಳು ಎಂದು ಇಡೀ ಲಾಂಡ್ರಿ ನಕ್ಕಿತು. ಗುಬ್ಬಿ ನಗಲಿಲ್ಲ, ಜಗಳವಾಡಲಿಲ್ಲ, ಬೇರೆ ಜೋಡಿಯನ್ನೂ ಕೇಳಲಿಲ್ಲ. ನನ್ನೊಡನೆ ಮಾತು ಬಿಟ್ಟಳು, ಅಷ್ಟೇ. ಮದುವೆಯನ್ನೂ ಆಗಲಿಲ್ಲ.

ಆದರೆ ಬೆಡ್‌ಶೀಟು ಬಿಡಬೇಕಲ್ಲ? ಅದರ ಎಳೆತದಲ್ಲೇ ನನಗೆ ಅವಳ ಸುದ್ದಿ ಗೊತ್ತಾಗುತ್ತಿತ್ತು. ಜ್ವರವಿದ್ದರೆ ಸಡಿಲ, ಸಿಟ್ಟಿದ್ದರೆ ಬಿಗಿ. ನಾನು ಬಸುರಿಯಾಗಿದ್ದಾಗ ಅವಳೇ ಎರಡು ಹೆಜ್ಜೆ ಹೆಚ್ಚು ನಡೆದು ನನ್ನ ಹತ್ತಿರ ಬರುತ್ತಿದ್ದಳು. ಮೊಮ್ಮಕ್ಕಳನ್ನು ಕಂಡ ಮೇಲೂ ನಾನು ಈ ಕೆಲಸ ಬಿಡಲಿಲ್ಲ. ಮನೆಯಲ್ಲಿ ಸೊಸೆಯ ಕಾಟ ಎಂದು ನೀವೆಲ್ಲ ಅಂದುಕೊಂಡಿರಿ. ಪಾಪ, ಸೊಸೆ ಒಳ್ಳೆಯವಳು.

ಹೋದ ವರ್ಷ ನನ್ನ ಯಜಮಾನರು ತೀರಿಕೊಂಡರು. ಕೆಲಸಕ್ಕೆ ಮರಳಿದ ದಿನ ಬೆಡ್‌ಶೀಟು ಹಿಡಿದು ನಾನು ಬಿಕ್ಕಿದೆ. ಆ ತುದಿಯಿಂದ ಗುಬ್ಬಿ ಮಾತಾಡಿದಳು. ಅಷ್ಟು ವರ್ಷಕ್ಕೆ ಅದೊಂದೇ ಮಾತು: "ನೀನಾದ್ರೂ ಎಲ್ಲರ ಮುಂದೆ ಅಳಬಹುದು."

ಊರಿನ ಬಾಯನ್ನೇ ಮುಚ್ಚಿಸುವ ನಾನು ಆವತ್ತು ಕಣ್ಣೊರೆಸಿಕೊಂಡು ಮುಂದಿನ ಬೆಡ್‌ಶೀಟು ಎತ್ತಿಕೊಂಡೆ.

ನಾಳೆಯಿಂದ ಈ ಕೆಲಸ ಮೆಷಿನ್ನಿನದು. ನಮ್ಮಿಬ್ಬರ ಕೈ ಇನ್ನು ಯಾವ ನೆಪದಲ್ಲಿ ತಾಗೀತು? ನೀವು ಉಡುಗೊರೆಯಾಗಿ ಕೊಟ್ಟಿರುವುದೂ ಬೆಡ್‌ಶೀಟೇ; ಒಳ್ಳೆಯ ಬುದ್ಧಿವಂತರು. ಇಗೋ, ಬಿಡಿಸಿದ್ದೇನೆ. ಏಳೇ ಗುಬ್ಬಿ. ಇದೊಂದು ಸಲ ಆ ತುದಿ ಹಿಡಿ.

ಏಳೇ.

ಚಪ್ಪಾಳೆ ಬೇಡ, ಸುಮ್ಮನಿರಿ. ಅವಳು ಏಳುವುದಿಲ್ಲ.

ಇರಲಿ. ಒಂದು ಅಂಚನ್ನು ಗದ್ದದಡಿ ಒತ್ತಿಕೊಂಡು ನಾನೇ ಮಡಿಸುತ್ತೇನೆ. ಸುಕ್ಕಾಗುತ್ತದೆ, ಆಗಲಿ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಉಪಕಾರ. ಕೈ ಖಾಲಿಯಿಲ್ಲ, ಬಾಯಲ್ಲೇ ಹೇಳುತ್ತೇನೆ: ನಮಸ್ಕಾರ.